ದಿನ ತುಂಬುವ ಮುನ್ನ ಹೆರಿಗೆ: ಬಸುರಿಯರೆಲ್ಲರಿಗೂ ರಕ್ತಪರೀಕ್ಷೆ ಬೇಕೆ?

2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದವು. ಹೀಗೆ ಹೆತ್ತ ತಾಯಂದಿರ ರಕ್ತದಲ್ಲಿ ಫೋಲೇಟ್ ಜೀವಸತ್ವ ಕಡಿಮೆ, ಬಿ12 ಜೀವಸತ್ವ ಮತ್ತು ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಹೆಚ್ಚು ಇರುವುದನ್ನು ಪುಣೆಯ ಭಾರತಿ ವಿದ್ಯಾಪೀಠದ ಸಂಶೋಧಕರು 2012ರಲ್ಲಿ ವರದಿ ಮಾಡಿದರು. ಇಂಥ ಸೂಚಕಗಳನ್ನು ಎಲ್ಲ ಗರ್ಭಿಣಿಯರ ತಪಾಸಣೆಗೆ ಸೇರಿಸಬೇಕೆ?

ಪರ: ಮೊದಲೇ ಗೊತ್ತಾದರೆ ಮಗು ಉಳಿದೀತು

ಅಪಾಯವನ್ನು ಅಂದಾಜು ಮಾಡಲು ಹಿಂದಿನ ಹೆರಿಗೆ ಹೇಗಾಯಿತು ಎಂದು ವೈದ್ಯರು ಕೇಳುತ್ತಾರೆ. ಚೊಚ್ಚಲ ಬಸುರಿ ಏನು ಹೇಳಿಯಾಳು? ಹಿಮೋಗ್ಲೋಬಿನ್, ಸಕ್ಕರೆ ಎಂದು ಹೇಗೂ ರಕ್ತ ತೆಗೆಯುತ್ತಾರೆ. ಇನ್ನೊಂದು ಟ್ಯೂಬ್ ತುಂಬಿಸುವುದು ದೊಡ್ಡ ಹೊರೆಯಲ್ಲ.

ಸೂಚಕದಿಂದ ಚಿಕಿತ್ಸೆಗೆ ದಾರಿಯಿರುವುದಕ್ಕೆ ಪುರಾವೆಯೂ ಇದೆ. ಯುರೋಪಿನ ಆಸ್ಪ್ರೆ ಪ್ರಯೋಗದಲ್ಲಿ (2017) ರಕ್ತದ ಸೂಚಕ, ರಕ್ತದೊತ್ತಡ, ಡಾಪ್ಲರ್ ಸ್ಕ್ಯಾನ್ ಸೇರಿಸಿ ಅಪಾಯವಿರುವವರನ್ನು ಆರಿಸಿ, ರಾತ್ರಿ 150 ಮಿ.ಗ್ರಾಂ ಆಸ್ಪಿರಿನ್ ಕೊಟ್ಟರು. 37 ವಾರಕ್ಕೂ ಮೊದಲೇ ಹೆರಿಗೆ ಮಾಡಿಸಬೇಕಾದಂಥ ಪ್ರೀಎಕ್ಲಾಂಪ್ಸಿಯಾ (ಬಸುರಿನಲ್ಲಿ ರಕ್ತದೊತ್ತಡ ಏರುವ ತೊಂದರೆ) ಶೇ 60ಕ್ಕೂ ಹೆಚ್ಚು ಇಳಿಯಿತು.

ಕಲಬುರಗಿ, ವಿಜಯಪುರದಿಂದ ಪುಣೆಗೆ ಕಟ್ಟಡ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ದಿನ ಹತ್ತಿರವಾದಂತೆ ತವರಿನ ಬಸ್ಸು ಹತ್ತುತ್ತಾರೆ. ಅಪಾಯ ಮುಂಚೆಯೇ ತಿಳಿದರೆ, ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆಯ ಹತ್ತಿರವೇ ಉಳಿಯಬಹುದು. ಮಗು ಹುಟ್ಟಿದ ಮೇಲೆ ಆಂಬುಲೆನ್ಸ್‌ನಲ್ಲಿ ಒಯ್ಯುವುದಕ್ಕಿಂತ ತಾಯಿಯನ್ನೇ ಮೊದಲು ಸೇರಿಸುವುದು ಸುರಕ್ಷಿತ.

ವಿರೋಧ: ಭಯ ಹುಟ್ಟಿಸುವ ಪರೀಕ್ಷೆ ಬೇಡ

ಪುಣೆಯ ಆ ಅಧ್ಯಯನದಲ್ಲಿ ರಕ್ತ ತೆಗೆದದ್ದು ಹೆರಿಗೆಯ ಹೊತ್ತಿಗೆ. ಕಂಡ ಏರುಪೇರು ಬೇಗ ಹೆತ್ತದ್ದಕ್ಕೆ ಕಾರಣವೋ ಪರಿಣಾಮವೋ ಅದರಿಂದ ತಿಳಿಯದು. ಅದೇ ಊರಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತಂಡ ಸುತ್ತಲ ಹಳ್ಳಿಗಳ ಬಹುಪಾಲು ಬಸುರಿಯರಲ್ಲಿ ಬಿ12 ಕೊರತೆಯನ್ನೇ ಕಂಡಿತ್ತು. ಹಾಗಿರುವಾಗ ‘ಬಿ12 ಹೆಚ್ಚಿದೆ’ ಎಂಬ ವರದಿ ಹಿಡಿದು ಬಂದವಳಿಗೆ ವೈದ್ಯರು ಹೇಳುವುದೇನು?

ಹೋಮೋಸಿಸ್ಟೀನ್ ಅಳೆಯುವುದೂ ಸಲೀಸಲ್ಲ. ರಕ್ತವನ್ನು ಐಸಿನಲ್ಲಿಟ್ಟು ಬೇಗ ಪ್ಲಾಸ್ಮಾ ಬೇರ್ಪಡಿಸಬೇಕು. ತಡವಾದರೆ ಕೆಂಪು ರಕ್ತಕಣಗಳು ಹೋಮೋಸಿಸ್ಟೀನನ್ನು ಹೊರಬಿಡುತ್ತಲೇ ಇರುತ್ತವೆ, ಪ್ರಮಾಣ ಸುಳ್ಳೇ ಏರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ನಡೆದೀತೆ?

ಲೆಕ್ಕ ಹಾಕಿ. ನೂರು ಗರ್ಭಿಣಿಯರಲ್ಲಿ 13 ಮಂದಿಗೆ ಬೇಗ ಹೆರಿಗೆಯಾಗುತ್ತದೆ ಎನ್ನೋಣ. ಪರೀಕ್ಷೆ ಶೇ 80ರಷ್ಟು ಸರಿಯೆಂದುಕೊಂಡರೂ ಸಿಗುವವರು ಹತ್ತು ಮಂದಿ. ಜೊತೆಗೆ, ದಿನ ತುಂಬಿ ಹೆರುವ ಉಳಿದವರಲ್ಲಿ 17 ಮಂದಿ ಸುಮ್ಮನೆ ಹೆದರುತ್ತಾರೆ. ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಸ್ಟೆರಾಯ್ಡ್ ಚುಚ್ಚುಮದ್ದು ಚೆನ್ನಾಗಿ ಫಲ ಕೊಡುವುದು ಹೆರಿಗೆ ವಾರದೊಳಗೆ ಆದರೆ. ನಾಲ್ಕನೇ ತಿಂಗಳಲ್ಲಿ ತೆಗೆದ ರಕ್ತ ಆ ವಾರ ಯಾವುದೆಂದು ಹೇಳುವುದಿಲ್ಲ.

ಆಸ್ಪ್ರೆ ತಡೆದದ್ದು ಪ್ರೀಎಕ್ಲಾಂಪ್ಸಿಯಾವನ್ನು. ದಿನ ತುಂಬದ ಹೆರಿಗೆಗಳಲ್ಲಿ ಹೆಚ್ಚಿನವು ತಾವಾಗಿ ಬರುವ ನೋವಿನಿಂದ ಆಗುವಂಥವು. ಬೆಳಗಾವಿ, ನಾಗಪುರವೂ ಸೇರಿದ್ದ ಆರು ದೇಶಗಳ ಪ್ರಯೋಗದಲ್ಲಿ (2020) ಚೊಚ್ಚಲ ಬಸುರಿಯರಿಗೆ ಯಾವ ಸೂಚಕವನ್ನೂ ನೋಡದೆ 81 ಮಿ.ಗ್ರಾಂ ಆಸ್ಪಿರಿನ್ ಕೊಟ್ಟಾಗ ಅವಧಿಪೂರ್ವ ಹೆರಿಗೆ ಶೇ 13.1ರಿಂದ 11.6ಕ್ಕೆ ಇಳಿಯಿತು. ಅಗ್ಗದ ಮಾತ್ರೆ ಇಷ್ಟು ಮಾಡಬಲ್ಲದಾದರೆ, ದುಬಾರಿ ಪರೀಕ್ಷೆ ಅದಕ್ಕಿಂತ ಹೆಚ್ಚು ಮಾಡುತ್ತದೆಂದು ಮೊದಲು ಸಾಬೀತಾಗಲಿ.