ಕುತ್ತಿಗೆ ಹಿಸುಕಿದವರ ಮೊಕದ್ದಮೆಗಳು

ಮಡದಿಯ ಅಥವಾ ಮನೆಮಂದಿಯ ಕುತ್ತಿಗೆ ಹಿಸುಕಿ ಉಸಿರುಕಟ್ಟಿಸುವುದನ್ನು ಅಮೆರಿಕದ ಮಿನ್ನೆಸೋಟ ಸಂಸ್ಥಾನವು 2005ರಲ್ಲಿ ಘೋರಾಪರಾಧವೆಂದು ಸಾರಿ, ಮೂರು ವರ್ಷಗಳವರೆಗೆ ಕಾರಾಗೃಹವಾಸವನ್ನು ಗೊತ್ತುಪಡಿಸಿತು. ಅದುವರೆಗೆ ಇಂಥವು ಸಾಮಾನ್ಯವಾಗಿ ಸಾದಾ ಹೊಡೆದಾಟದ ಸಾಲಿಗೇ ಸೇರುತ್ತಿದ್ದವು.

ಶಾಸನವೇನೋ ಆಯಿತು. ಆದರೆ ಮಿನಿಯಾಪೊಲಿಸ್ ನಗರವಿರುವ ಹೆನೆಪಿನ್ ಕೌಂಟಿಯಲ್ಲಿಯೂ, ಆ ದೇಶದ ಇತರೆಡೆಗಳಂತೆಯೇ, ಮೊಕದ್ದಮೆಗಳು ಬಹುತರವಾಗಿ ವಿಚಾರಣೆಯಿಂದಲ್ಲ, ಉಭಯ ವಕೀಲರ ಚೌಕಾಸಿಯಿಂದ ತೀರುತ್ತವೆ. ಆಪಾದಿತನು ಕಿರಿದಾದ ತಪ್ಪನ್ನು ಒಪ್ಪಿಕೊಂಡರೆ ಹಿರಿದಾದುದು ಬಿಟ್ಟುಹೋಗುವುದುಂಟು. ಹಿರಿದನ್ನೇ ಒಪ್ಪಿಕೊಂಡಾಗಲೂ ನ್ಯಾಯಾಧೀಶರು ಶಿಕ್ಷೆ ವಿಧಿಸುವುದನ್ನು ತಡೆಹಿಡಿಯಬಹುದು. ಆತನು ಪರೀಕ್ಷಾವಧಿಯನ್ನು ನಿರ್ವಿಘ್ನವಾಗಿ ಕಳೆದರೆ ಆ ಘೋರಾಪರಾಧವು ಕಾನೂನಿನ ಲೆಕ್ಕದಲ್ಲಿ ಸಣ್ಣ ಅಪರಾಧವಾಗಿಬಿಡುತ್ತದೆ!

ಇದಕ್ಕಾಗಿ ಸರಕಾರಿ ವಕೀಲರನ್ನಷ್ಟೇ ದೂರುವುದು ನ್ಯಾಯವಲ್ಲ. ಕ್ಯಾಲಿಫೋರ್ನಿಯದ ಸ್ಯಾನ್ ಡಿಯೆಗೊದಲ್ಲಿ ಇಂಥ 300 ಪ್ರಕರಣಗಳನ್ನು ಶೋಧಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅವುಗಳಲ್ಲಿ ಅರ್ಧದಷ್ಟರಲ್ಲಿ ಕಣ್ಣಿಗೆ ಕಾಣುವ ಗಾಯವೇ ಇರಲಿಲ್ಲ. ಇನ್ನೂ ಅನೇಕವು ಛಾಯಾಚಿತ್ರಕ್ಕೆ ಸಿಗದಷ್ಟು ಸಣ್ಣವು. ಗುರುತಿಲ್ಲದಿರಲು ಉಳಿಯುವುದು ಆಕೆಯ ಮಾತೊಂದೇ. ಮನೆಬಾಡಿಗೆಗೂ ಅವನ ಕೈಯನ್ನೇ ನೋಡಬೇಕಾದವಳು ತಿಂಗಳುಗಳ ಮೇಲೆ ಕಟಕಟೆಯಲ್ಲಿ ನಿಂತು ಆ ಮಾತನ್ನು ಉಳಿಸಿಕೊಂಡಾಳೆ? ಅರಿಜೋನದ ಮಾರಿಕೋಪ ಕೌಂಟಿಯವರು 2010ರ ದಶಕದಲ್ಲಿ ಸ್ವರದ ಒಡಕು, ಗಂಟಲ ನೋವು, ಕಣ್ಣಿನ ರಕ್ತಬಿಂದುಗಳನ್ನು ನುರಿತ ದಾದಿಯರಿಂದ ಕೂಡಲೇ ಬರೆಯಿಸತೊಡಗಿದರು. ಅಲ್ಲಿ ಆ ಬಳಿಕ ದೋಷಾರೋಪಣೆಗಳು ಬಹಳವಾಗಿ ಹೆಚ್ಚಿದವು.