ಕಣ್ಣೀರಿಗೆ ಟಿಕೆಟ್ಟು ಎಷ್ಟು?

ನಮ್ಮ ಬಡತನವನ್ನು ಪರದೆಯ ಮೇಲೆ ಕಂಡು ಅಳುವವರ ಮೇಲೆ ನಮಗೆ ಸಿಟ್ಟಿಲ್ಲ. ಅತ್ತು, ಮೂಗೊರೆಸಿಕೊಂಡು, ಕಾರು ಹತ್ತಿ ಮನೆಗೆ ಹೋಗಿ ಮರೆತುಬಿಡುವವರ ಮೇಲೆ ಇದೆ.

ಉತ್ಸವ್ ಗೋನವಾರ ನಿರ್ದೇಶಿಸಿದ 'ಫೋಟೋ' 2024ರ ಮಾರ್ಚಿನಲ್ಲಿ ತೆರೆಗೆ ಬಂತು. ದೊಡ್ಡ ಹೀರೋ ಇಲ್ಲ, ಫೈಟಿಲ್ಲ. ರಾಯಚೂರು ಕಡೆಯ ಒಂದು ಕೂಲಿ ಕುಟುಂಬ. ಹುಡುಗನಿಗೆ ಒಂದೇ ಆಸೆ: ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಅಪ್ಪ ಬೆಂಗಳೂರಿನಲ್ಲಿ ಕಟ್ಟಡದ ಕೂಲಿ. ಮಗ ಅಪ್ಪನ ಹತ್ತಿರ ಬರುತ್ತಾನೆ. ಅಷ್ಟರಲ್ಲಿ ಲಾಕ್‌ಡೌನ್. ಕೂಲಿಯಿಲ್ಲ, ಬಸ್ಸಿಲ್ಲ. ಸುಮಾರು 400 ಕಿಲೋಮೀಟರ್ ದೂರದ ಊರಿನ ಕಡೆ ಅಪ್ಪ-ಮಗ ನಡೆಯತೊಡಗುತ್ತಾರೆ. ನಮ್ಮ ಕೇರಿಗಳಲ್ಲಿ ಇದನ್ನು ಯಾರಿಗೂ ಕತೆ ಮಾಡಿ ಹೇಳಬೇಕಾಗಿಲ್ಲ. ನಡೆದವರು ಇನ್ನೂ ಬದುಕಿದ್ದಾರೆ.

ನಾವು ಗೆಳೆಯರು ಇದನ್ನು ನೋಡಿದ್ದು ಬೆಂಗಳೂರಿನ ಒಂದು ಮಾಲಿನಲ್ಲಿ. ಅಂಥ ಮಾಲುಗಳಿಗೆ ಗಾರೆ ಹೊತ್ತವರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದವರು. ಒಳಗೆ ಕುರ್ಚಿಯಲ್ಲಿ ಅವರಲ್ಲಿ ಒಬ್ಬರೂ ಕಾಣಲಿಲ್ಲ. ಹೇಗೆ ಕಾಣುತ್ತಾರೆ? 2023-24ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ದಿನಗೂಲಿ 316 ರೂಪಾಯಿ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು. ಮಲ್ಟಿಪ್ಲೆಕ್ಸಿನವರು ಕೋರ್ಟಿಗೆ ಹೋದರು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಆ 200ರ ಲೆಕ್ಕವನ್ನೇ ಹಿಡಿಯಿರಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಕೂತು ನೋಡಲು 800. ಎರಡೂವರೆ ದಿನ ಮಣ್ಣು ಹೊರಬೇಕು. ಇದಕ್ಕೆ 'ಕುಟುಂಬ ಸಮೇತ ನೋಡಿ' ಅಂತ ಜಾಹೀರಾತು ಬೇರೆ ಕೊಡ್ತಾರೆ!

ಚಿತ್ರ ಮಾಡಿದವರನ್ನು ನಾವು ದೂರುತ್ತಿಲ್ಲ. ಅವರು ನಮ್ಮ ಕಡೆಯ ಮಾತಿನಲ್ಲೇ ನಮ್ಮ ನೋವು ಹೇಳಿದ್ದಾರೆ. ನಮ್ಮ ಜಗಳ ನೋಡುವವರ ಕಣ್ಣಿನ ಜೊತೆ. ಆಟ ಮುಗಿದು ಹೊರಗೆ ಬಂದವರು ಅಂದದ್ದು: 'ಪಾಪ, ಎಂಥ ವಿಧಿ!'

ವಿಧಿಯಲ್ಲ ಸ್ವಾಮಿ, ಆದೇಶ. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಘೋಷಣೆ, 12ಕ್ಕೆ ದೇಶ ಬಂದ್. ದಿನಗೂಲಿಯವನಿಗೆ ಸಿಕ್ಕಿದ್ದು ನಾಲ್ಕು ತಾಸು. ಮೇ 5ರಂದು ಮುಖ್ಯಮಂತ್ರಿಗಳು ಬಿಲ್ಡರುಗಳ ಜೊತೆ ಸಭೆ ನಡೆಸಿದರು. ಹಿಂದೆಯೇ, ಹೊರರಾಜ್ಯದ ಕೂಲಿಗಳನ್ನು ಊರಿಗೆ ಒಯ್ಯುವ ರೈಲು ಬೇಡ ಎಂದು ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ಕಟ್ಟಡದ ಕೆಲಸ ನಿಲ್ಲಬಾರದಲ್ಲ! ನಾಲ್ಕು ಕಡೆಯಿಂದ ಜನ ಉಗಿದ ಮೇಲೆ ರೈಲು ಮತ್ತೆ ಹೊರಟವು. 1976ರಲ್ಲಿ ಜೀತ ರದ್ದಾಯಿತು ಎಂದು ಪಾಠ ಹೇಳುವ ಮೇಷ್ಟ್ರುಗಳೇ, ಈ ಸಭೆಯನ್ನು ಯಾವ ಪಾಠಕ್ಕೆ ಸೇರಿಸುತ್ತೀರಿ?

ನಮಗಾಗಿ ಅಳುವುದು ಈ ನಾಡಿನಲ್ಲಿ ಹೊಸದೂ ಅಲ್ಲ. ಬಿ.ವಿ. ಕಾರಂತರ 'ಚೋಮನ ದುಡಿ'ಗೆ 1975ರ ಸ್ವರ್ಣಕಮಲ ಬಂತು. ಚೋಮ ಕೇಳಿದ್ದು ಉಳಲು ತುಂಡು ಭೂಮಿ. ಕಮಲ ಬಂತು, ಭೂಮಿ ಬಂತೇ? 1974ರ ಭೂಸುಧಾರಣೆ ಗೇಣಿದಾರನ ಹೆಸರಿಗೆ ಹೊಲ ಬರೆಯಿತು. ಗೇಣಿಗೂ ಗತಿಯಿಲ್ಲದೆ ಜೀತಕ್ಕಿದ್ದ ಹೊಲಗೇರಿ, ಮಾದಿಗರ ಕೇರಿಗಳ ಹೆಸರು ಎಷ್ಟು ಪಹಣಿಗಳಲ್ಲಿ ಬಂತು? ಹೊಲವಿಲ್ಲದ ಚೋಮನ ಮೊಮ್ಮಗ ಗುಳೆ ಹೊರಟ. ಅವನ ತಲೆಯ ಮೇಲೀಗ ಸಿಮೆಂಟಿನ ಬಾಂಡ್ಲಿ. ಆ ಬಾಂಡ್ಲಿ ಇಳಿಸದೆ ನೀವು ಸುರಿಸುವ ಕಣ್ಣೀರಿಗೆ ನಾವು ಯಾಕೆ ಕೈಮುಗಿಯಬೇಕು?

ವಿಧಾನಸೌಧದ ಹಣೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಕೆತ್ತಿದ್ದಾರೆ. 1956ರಲ್ಲಿ ಮುಗಿದ ಆ ಕಟ್ಟಡಕ್ಕೆ ದುಡಿದವರಲ್ಲಿ ಜೈಲಿನ ಕೈದಿಗಳೂ ಇದ್ದರು. ಬಡವರ ಹುಡುಗನಿಗೆ ಅದು ಫೋಟೋದ ಹಿಂದಿನ ಚಿತ್ರ ಮಾತ್ರ. ಒಳಗೆ ತನ್ನ ಅಪ್ಪನ ಕೂಲಿ, ಬಸ್ಸು, ರೈಲು ತೀರ್ಮಾನವಾಗುತ್ತವೆ ಎಂದು ಅವನಿಗೆ ಯಾರು ಹೇಳಿಕೊಡಬೇಕು? ನಾವೇ.

ಆದ್ದರಿಂದ ಗೆಳೆಯರೆ, ಇಂಥ ಚಿತ್ರಗಳನ್ನು ಮಾಲಿನಿಂದ ಇಳಿಸಿ ತರೋಣ. ಮಾಡಿದವರ ಒಪ್ಪಿಗೆ ಕೇಳೋಣ. ಹಾಸ್ಟೆಲ್ಲಿನ ಊಟದ ಹಾಲು, ಶಾಲೆಯ ಗೋಡೆ, ಕಟ್ಟಡದ ಪಕ್ಕದ ಶೆಡ್ಡು, ಕೇರಿಯ ಸಮುದಾಯ ಭವನ ಎಲ್ಲಾದರೂ ಸರಿ, ಬಿಳಿ ಬಟ್ಟೆ ಕಟ್ಟಿದರೆ ಸಾಕು. ಕಟ್ಟಡದ ವೆಚ್ಚದಲ್ಲಿ ಶೇ. 1 ಸೆಸ್ ಕಾರ್ಮಿಕರ ಕಲ್ಯಾಣಕ್ಕೆಂದು ವಸೂಲಾಗುತ್ತದೆ. ಅದು ನಮ್ಮ ಬೆವರಿನ ದುಡ್ಡು. ಆಟ ಮುಗಿದ ಮೇಲೆ ಚಪ್ಪಾಳೆ ಬೇಡ, ದೀಪ ಹಾಕಿ. ನಡೆದು ಬಂದವರು ಎದ್ದು ಮಾತಾಡಲಿ. ಯಾರ ಕೂಲಿ ಬಾಕಿ ಉಳಿಯಿತು, ಯಾರಿಗೆ ಕಾರ್ಮಿಕರ ಕಾರ್ಡು ಸಿಕ್ಕಿಲ್ಲ, ಊರಿನ ಮೇಷ್ಟ್ರು ಒಂದೊಂದಾಗಿ ಬರೆದುಕೊಳ್ಳಲಿ. ಮರುದಿನ ಆ ಪಟ್ಟಿ ಹಿಡಿದು ಕಾರ್ಮಿಕ ಇಲಾಖೆಯ ಬಾಗಿಲಿಗೆ ಹೋಗೋಣ.

ಮಾಲಿನಲ್ಲಿ ಅತ್ತವರೂ ಬರಲಿ, ಬೇಡ ಅನ್ನೋದಿಲ್ಲ. ನೆಲದ ಮೇಲೆ ನಮ್ಮ ಪಕ್ಕದಲ್ಲಿ ಕೂತು ನೋಡಲಿ. ಟಿಕೆಟ್ಟಿಲ್ಲ.