ನಾಡಿ ನೋಟ: ಟ್ರಕ್ಕಿನ ಮುಂಗಾಲಿನ ಗೊರಗೊರ

ಪ್ರತಿವರ್ಷ ಈ ಅಂಕಣದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಅಂತ ಬರೆದು ಹಬ್ಬದ ಹೋಳಿಗೆಯ ರುಚಿ ಕೆಡಿಸುತ್ತೇನೆ ಎಂಬ ಆಪಾದನೆ ನನ್ನ ಮೇಲಿದೆ. ಈ ಸಲ ಧೈರ್ಯವಾಗಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ. ಈ ಬಾರಿಯ ರೋಗಿ ಮನುಷ್ಯನಲ್ಲ, ಒಂದು ಪಿಕಪ್ ಟ್ರಕ್ಕು.

ನಮ್ಮ ಸಂಘದವರಿಗೆಲ್ಲ ಪರಿಚಯದ ಟ್ರಕ್ಕೇ ಅದು. ಗಣೇಶನ ಮಂಟಪ, ರಾಜ್ಯೋತ್ಸವದ ನಾಟಕದ ಪರದೆ, ಪಿಕ್ನಿಕ್ಕಿನ ಬಿಸಿಬೇಳೆಬಾತಿನ ಕೊಳಗ, ಎಲ್ಲವನ್ನೂ ಹೊತ್ತದ್ದು ಅದೇ. ಹತ್ತು ವರ್ಷ ದಾಟಿದ ಫೋರ್ ವೀಲ್ ಡ್ರೈವ್ ಗಾಡಿ. ಕಾಲೇಜಿಗೆ ಹೊರಟ ಮಗನಿಗೆ ಗೆಳೆಯರು ಅದನ್ನು ಕೊಡುವವರಿದ್ದರು. ಪಿಟ್ಸ್‌ಬರ್ಗ್‌ನಿಂದ ಪೂರ್ವಕ್ಕೆ, ಅಲೆಗೆನಿ ಬೆಟ್ಟ ಹತ್ತಿಳಿದು ಹೋಗುವ ದಾರಿ. ಹೊರಡಲು ಎರಡು ವಾರವಿರುವಾಗ ಮುಂಭಾಗದಲ್ಲಿ ಶಬ್ದ ಶುರುವಾಯಿತು. ಒಂದು ಗ್ಯಾರೇಜಿನವರು ಎರಡೂ ಬದಿಯ ವೀಲ್ ಬೇರಿಂಗ್ ಹೋಗಿದೆ ಎಂದರು. ಇನ್ನೊಂದು ಕಡೆ ಮುಂದಿನ ಡಿಫರೆನ್ಷಿಯಲ್ಲನ್ನೇ ಬಿಚ್ಚಬೇಕು ಎಂದರು. ಎರಡನೆಯ ಅಂದಾಜು ಪಟ್ಟಿ ನೋಡಿ ಗೆಳೆಯರ ಶ್ರೀಮತಿಯವರು, "ದುಡ್ಡು ಹೋದರೆ ಹೋಗಲಿ ಡಾಕ್ಟ್ರೇ, ಹೈವೇಲಿ ಚಕ್ರ ಕಳಚಿಕೊಂಡರೆ ಏನು ಗತಿ?" ಎಂದರು. ಅವರ ಭಯ ಸುಳ್ಳಲ್ಲ. ಮುಂದಿನ ಚಕ್ರದ ಬಾಲ್ ಜಾಯಿಂಟ್ ಮುರಿದರೆ ಚಕ್ರ ಮಡಚಿಕೊಂಡು ಬಿಡುತ್ತದೆ, ಆಮೇಲೆ ಸ್ಟಿಯರಿಂಗ್ ಇದ್ದೂ ಇಲ್ಲದ ಹಾಗೆ.

ನನ್ನ ಅಪ್ಪ ಲಾರಿ ಇಟ್ಟವರಲ್ಲ, ನಾನು ಮೆಕ್ಯಾನಿಕ್ಕೂ ಅಲ್ಲ. ಆದರೆ ಶಬ್ದ ಕೇಳಿ ರೋಗ ಹಿಡಿಯುವುದು ನಮ್ಮ ಹಳೆಯ ಕಸುಬು. ಎದೆಯನ್ನು ಬೆರಳಿನಿಂದ ತಟ್ಟಿ ನೋಡುವ ವಿಧಾನವನ್ನು 1761ರಲ್ಲಿ ಪ್ರಕಟಿಸಿದ ಔವೆನ್‌ಬ್ರುಗ್ಗರ್ ಒಬ್ಬ ಛತ್ರದ ಯಜಮಾನನ ಮಗ. ಅಪ್ಪ ಪೀಪಾಯಿ ತಟ್ಟಿ ವೈನ್ ಎಷ್ಟಿದೆ ಎಂದು ತಿಳಿಯುತ್ತಿದ್ದುದನ್ನು ನೋಡಿಯೇ ಕಲಿತನಂತೆ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಕಾಗದ ಸುತ್ತಿ ಕೊಳವೆ ಮಾಡಿ ರೋಗಿಯ ಎದೆಗಿಟ್ಟ, ಅದೇ ಸ್ಟೆತಾಸ್ಕೋಪ್. ಮೆಕ್ಯಾನಿಕ್ಕುಗಳ ಬಳಿಯೂ ಸ್ಟೆತಾಸ್ಕೋಪ್ ಉಂಟು, ತುದಿಯಲ್ಲಿ ಬಿಲ್ಲೆಯ ಬದಲು ಉಕ್ಕಿನ ಕಡ್ಡಿ ಇರುತ್ತದೆ, ಅಷ್ಟೇ.

ಶಬ್ದ ಕೇಳಿದ ಜಾಗದಲ್ಲೇ ರೋಗವಿರಬೇಕೆಂದಿಲ್ಲ. ಅಯೋರ್ಟಿಕ್ ಕವಾಟ ಕಿರಿದಾದರೆ ಮರ್ಮರ ಕುತ್ತಿಗೆಯವರೆಗೂ ಹರಿಯುತ್ತದೆ. ಹಾಗಂತ ಕುತ್ತಿಗೆಗೆ ಔಷಧಿ ಕೊಡುವುದಿಲ್ಲ. ಉಕ್ಕಿನ ಚೌಕಟ್ಟಿನಲ್ಲಿ ಶಬ್ದ ಇನ್ನೂ ದೂರ ಹರಿಯುತ್ತದೆ. ಆದ್ದರಿಂದ ಎಲ್ಲಿ ಎನ್ನುವುದಕ್ಕಿಂತ ಯಾವಾಗ ಎನ್ನುವುದು ಮುಖ್ಯ. ನಾವು ರೋಗಿಯನ್ನು ಕುಕ್ಕರುಗಾಲಲ್ಲಿ ಕೂರಿಸಿ, ಎಬ್ಬಿಸಿ, ಮರ್ಮರ ಹೆಚ್ಚಾಯಿತೋ ಕಡಿಮೆಯಾಯಿತೋ ನೋಡುತ್ತೇವಲ್ಲ, ಹಾಗೆ.

ಹುಡುಗನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ ನಾನು ಪಕ್ಕದಲ್ಲಿ ಕೂತೆ. ಬೇರಿಂಗ್ ಹೋಗಿದ್ದರೆ ವೇಗದೊಂದಿಗೆ ಏರುವ ಒಂದೇ ಸಮನೆಯ ಗುಂಯ್‌ಗಾನ ಇರಬೇಕು. ಎಡಕ್ಕೆ ತಿರುಗಿಸಿದರೆ ಭಾರ ಬಲಕ್ಕೆ ಬಿದ್ದು ಬಲಗಡೆಯ ಬೇರಿಂಗ್ ಹೆಚ್ಚು ಕೂಗಬೇಕು. ಇಲ್ಲಿ ಹಾಗಾಗಲಿಲ್ಲ. ಬ್ರೇಕ್ ಒತ್ತಿದರೂ ವ್ಯತ್ಯಾಸವಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ಪೂರ್ತಿ ತಿರುಗಿಸಿ ಸುತ್ತಿದೆವು. ಆಕ್ಸೆಲಿನ ಕೀಲು ಸವೆದಾಗ ಬರುವ ಟಕ್ ಟಕ್ ಇಲ್ಲ. ಗುಂಡಿಗೆ ಇಳಿಸಿದರೆ ಲಟಕ್ಕೆನ್ನುವುದೂ ಇಲ್ಲ. ಜ್ಯಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು (ಸ್ಟ್ಯಾಂಡ್ ಇಲ್ಲದೆ ದಯವಿಟ್ಟು ಯಾರೂ ಗಾಡಿಯ ಕೆಳಗೆ ತಲೆ ಹಾಕಬೇಡಿ), ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದೆವು. ಸಡಿಲವಿದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎಡಬಲ ಹಿಡಿದು ಅಲುಗಿಸಿದೆವು. ಸಡಿಲವಿದ್ದರೆ ಟೈ ರಾಡ್. ಎಲ್ಲ ಬಿಗಿಯಾಗಿತ್ತು. ತಾಯಿಯ ಮುಖ ಅಷ್ಟಕ್ಕೇ ಅರ್ಧ ತಿಳಿಯಾಯಿತು.

ಹಾಗಾದರೆ ಯಾವಾಗ ಬರುತ್ತದೆ? "ಅಂಕಲ್, ಏರು ಹತ್ತುವಾಗ ಮಾತ್ರ. ಗ್ಯಾಸ್ ಬಿಟ್ಟರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ" ಎಂದ ಹುಡುಗ. ಎರಡು ಗ್ಯಾರೇಜಿನಲ್ಲೂ ಅವನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ! ಅಂದು ಮಳೆ ಬಂದು ರಸ್ತೆ ನೆನೆದಿತ್ತು. ನೇರವಾದ ಒಂದು ಏರಿನಲ್ಲಿ ಗೊರಗೊರ ಶುರುವಾದ ಕೂಡಲೇ ಫೋರ್ ವೀಲ್ ಡ್ರೈವಿಗೆ ಹಾಕಲು ಹೇಳಿದೆ. ಶಬ್ದ ತಟಕ್ಕನೆ ನಿಂತಿತು. ಟೂ ವೀಲಿಗೆ ತಂದರೆ ಮತ್ತೆ ಶುರು. (ಒಣ ರಸ್ತೆಯ ತಿರುವಿನಲ್ಲಿ ಈ ಪರೀಕ್ಷೆ ಬೇಡ, ಗೇರುಗಳು ಬಿಗಿದುಕೊಳ್ಳುತ್ತವೆ.)

ಒಳಗಿನ ವಿಷಯ ಇಷ್ಟು. ಇಂಥ ಕೆಲವು ಪಿಕಪ್ಪುಗಳಲ್ಲಿ ಮುಂದಿನ ಹಬ್ಬಿನೊಳಗೆ ಹಲ್ಲುಗಳಿರುವ ಒಂದು ಬಳೆ ಇದೆ. ಸ್ಪ್ರಿಂಗು ಅದನ್ನು ಆಕ್ಸೆಲಿಗೆ ಜೋಡಿಸಲು ನೋಡುತ್ತದೆ. ಎಂಜಿನ್ನಿನ ನಿರ್ವಾತ, ಅಂದರೆ ವ್ಯಾಕ್ಯೂಮ್, ಸಣ್ಣ ರಬ್ಬರ್ ಕೊಳವೆಯ ಮೂಲಕ ಎಳೆದು ಅದನ್ನು ಬೇರೆ ಇಡುತ್ತದೆ. ಫೋರ್ ವೀಲಿಗೆ ಹಾಕಿದರೆ ನಿರ್ವಾತ ಬಿಟ್ಟುಕೊಟ್ಟು ಹಲ್ಲುಗಳು ಪೂರ್ತಿ ಕೂಡುತ್ತವೆ. ಏರಿನಲ್ಲಿ ಗ್ಯಾಸ್ ಒತ್ತಿದಾಗ ಎಂಜಿನ್ನಿನ ನಿರ್ವಾತ ಕುಸಿಯುವುದು ಸಹಜ. ಆಗ ಕೊಳವೆಯಲ್ಲಿರುವುದು ಹಿಂದಕ್ಕೆ ಸೋರದಂತೆ ತಡೆಯಲು ಒಂದು ಏಕಮುಖ ಕವಾಟ ಇರುತ್ತದೆ. ಅದು ಸೋರಿದರೆ ಹಲ್ಲುಗಳು ಕೂಡಿಯೂ ಕೂಡದೆ, ಬಿಟ್ಟೂ ಬಿಡದೆ ಉಜ್ಜುತ್ತವೆ. ನಮ್ಮ ಕಾಲಿನ ರಕ್ತನಾಳದ ಕವಾಟ ಕೆಟ್ಟು ರಕ್ತ ಕೆಳಗೆ ನಿಲ್ಲುವುದಕ್ಕೂ ಇದಕ್ಕೂ ತತ್ತ್ವ ಒಂದೇ.

ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಮೂರನೆಯದಾಗಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಕಳಿಸಿದೆ. ಆತ ಕೈಪಂಪಿನಿಂದ ಎರಡೂ ಹಬ್ಬಿಗೆ ನಿರ್ವಾತ ಕೊಟ್ಟು ಮುಳ್ಳು ನೋಡಿದ. ಅದನ್ನೂ ಪಾದರಸದಲ್ಲೇ ಅಳೆಯುತ್ತಾರೆ. ನಮ್ಮದು ಮಿಲಿಮೀಟರು, ಅವರದು ಇಂಚು! ಮುಳ್ಳು ನಿಂತಲ್ಲೇ ನಿಂತಿತು, ಅಂದರೆ ಹಬ್ಬುಗಳು ಸರಿ. ಕವಾಟವನ್ನು ಬಿಚ್ಚಿ ಬಾಯಲ್ಲಿ ಊದಿದ. ಗಾಳಿ ಎರಡೂ ಕಡೆಗೆ ಸಲೀಸಾಗಿ ಹೋಯಿತು. ಹೊಸದಕ್ಕೆ ಇಪ್ಪತ್ತು ಡಾಲರೂ ಆಗಲಿಲ್ಲ. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು ಎಂದು ಗೆಳೆಯರು ನಕ್ಕರು. ನನಗೇನೋ ಆ ಇಲಿ ಸಣ್ಣದೆನಿಸಲಿಲ್ಲ. ಇನ್ನೊಂದು ಚಳಿಗಾಲ ಹಾಗೇ ಓಡಿಸಿದ್ದರೆ ಹಲ್ಲುಗಳೇ ಸವೆದು ಹಬ್ಬುಗಳನ್ನು ಬದಲಾಯಿಸಬೇಕಾಗುತ್ತಿತ್ತು.

ನಿಮ್ಮ ಗಾಡಿ ಸದ್ದು ಮಾಡಿದರೆ ಗ್ಯಾರೇಜಿಗೆ ಹೋಗುವ ಮುಂಚೆ ನಾಲ್ಕು ಸಾಲು ಬರೆದುಕೊಳ್ಳಿ: ಯಾವ ವೇಗದಲ್ಲಿ, ತಿರುವಿನಲ್ಲೋ ನೇರದಲ್ಲೋ, ಬ್ರೇಕ್ ಒತ್ತಿದಾಗಲೋ ಗ್ಯಾಸ್ ಒತ್ತಿದಾಗಲೋ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದಾಗಲೋ. ಬೇರಿಂಗ್ ಹೋಗಿದೆ ಅಂತ ನೀವೇ ರೋಗದ ಹೆಸರು ಹೇಳಬೇಡಿ, ಲಕ್ಷಣ ಹೇಳಿ. ಆದರೆ ಸದ್ದಿನ ಜೊತೆ ಸ್ಟಿಯರಿಂಗ್ ಸಡಿಲವಾದರೆ, ಗಾಡಿ ಒಂದು ಕಡೆಗೆ ಎಳೆದರೆ, ಚಕ್ರ ಅದುರಿದರೆ ಚೀಟಿ ಬರೆಯುತ್ತ ಕೂರಬೇಡಿ. ಬದಿಗೆ ನಿಲ್ಲಿಸಿ ಟೋ ಟ್ರಕ್ ಕರೆಯಿರಿ. ಎದೆನೋವು ಬಂದವರು ತಾವೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಬರಬಾರದು ಎನ್ನುತ್ತೇನಲ್ಲ, ಹಾಗೆಯೇ ಇದೂ.